ಹಣೆಬರಹವೂ ರಕ್ತದ ವರದಿಯೂ

ಕಳೆದ ತಿಂಗಳು ಹೋಟೆಲ್ ಕಾರ್ಮಿಕ ಬಂಧುವೊಬ್ಬರು ನಮ್ಮ ಸಂಘದ ಕಚೇರಿಗೆ ಬಂದು ರಕ್ತಪರೀಕ್ಷೆಯ ವರದಿಯೊಂದನ್ನು ಮೇಜಿನ ಮೇಲಿಟ್ಟರು. ‘ಹೋಮೋಸಿಸ್ಟೀನ್’ ಎಂಬ ಹೆಸರಿನ ಮುಂದೆ 28 ಎಂಬ ಅಂಕೆ. 15ನ್ನು ಮೀರಬಾರದೆಂದು ಪಕ್ಕದಲ್ಲಿ ಸೂಚನೆ. ಅವರ ತಂದೆ ಐವತ್ತು ತುಂಬುವ ಮೊದಲೇ ಊರಿನಲ್ಲಿ ಎದೆನೋವಿನಿಂದ ತೀರಿಕೊಂಡವರು. ಪರೀಕ್ಷೆ ಮಾಡಿದ ಖಾಸಗಿ ಪ್ರಯೋಗಶಾಲೆಯವರು, ಇದು ವಂಶದ ದೋಷವಿರಬಹುದು, ಜೀನ್ ಪರೀಕ್ಷೆಯನ್ನೂ ಮಾಡಿಸಿರಿ ಎಂದು ಅರ್ಧ ತಿಂಗಳ ಸಂಬಳದಷ್ಟು ಲೆಕ್ಕ ಹೇಳಿ ಕಳುಹಿಸಿದ್ದರು. “ಅಪ್ಪನ ಹಣೆಬರಹವೇ ನನಗೂ ಬಂತಲ್ಲ ಸ್ವಾಮಿ” ಎಂದರು. ಈ ಭಯ ಅವರೊಬ್ಬರದೇ ಅಲ್ಲವಾದುದರಿಂದ, ಬಲ್ಲವರನ್ನು ಕೇಳಿ ನಮಗೆ ಮನದಟ್ಟಾದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬೇಳೆ, ಹಾಲು, ಮೀನುಗಳ ಪ್ರೋಟೀನು ದೇಹದಲ್ಲಿ ಬಳಕೆಯಾಗುವಾಗ ನಡುವೆ ಹುಟ್ಟುವ ವಸ್ತುವೇ ಹೋಮೋಸಿಸ್ಟೀನ್. ಅದು ರಕ್ತದಲ್ಲಿ ನಿಲ್ಲದೆ ಬೇರೆ ರೂಪಕ್ಕೆ ತಿರುಗಬೇಕು. ಅದಕ್ಕೆ ಫೋಲಿಕ್ ಆಮ್ಲ, ಬಿ-12, ಬಿ-6 ಎಂಬ ಜೀವಸತ್ವಗಳು ಬೇಕು. ಕೆಲಸ ನಡೆಸುವ ಕಿಣ್ವಗಳೂ ಬೇಕು. ಕಿಣ್ವಗಳನ್ನು ಕಟ್ಟುವ ಬರಹ ಮಾತ್ರ ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿಯಾಗಿ ಬರುತ್ತದೆ.

ವಂಶದ ಮಾತು ಸುಳ್ಳಲ್ಲ. ಎರಡು ಪ್ರತಿಗಳೂ ಕೆಟ್ಟು, ಹೋಮೋಸಿಸ್ಟೀನ್ ವಿಪರೀತವಾಗಿ ಏರುವ ಕಾಯಿಲೆಯನ್ನು 1962ರಲ್ಲಿ ಬೆಲ್‌ಫಾಸ್ಟಿನ ವೈದ್ಯರು ಮಕ್ಕಳಲ್ಲಿ ಗುರುತಿಸಿದರು. 1969ರಲ್ಲಿ ಬೋಸ್ಟನ್ನಿನ ಕಿಲ್ಮರ್ ಮೆಕಲಿ ಎಂಬವರು, 1933ರಲ್ಲಿ ಎಂಟೇ ವರ್ಷಕ್ಕೆ ಲಕ್ವ ಹೊಡೆದು ಸತ್ತಿದ್ದ ಹುಡುಗನೊಬ್ಬನ ರಕ್ತನಾಳಗಳು ಮುದುಕರ ನಾಳಗಳಂತೆ ಗಡುಸಾಗಿದ್ದವೆಂದು ತೋರಿಸಿ, ಇದಕ್ಕೆ ಹೋಮೋಸಿಸ್ಟೀನೇ ಕಾರಣವೆಂದರು. ಆದರೆ ಈ ಕಾಯಿಲೆ ಬಹಳ ವಿರಳ. ಸೋದರಿಕೆಯ ಮದುವೆಗಳಿರುವ ಮನೆತನಗಳಲ್ಲಿ, ಮಗುವಿನ ಕಣ್ಣಿನ ಮಸೂರ ಜಾರಿದ್ದರೆ, ಎಳೆಯ ವಯಸ್ಸಿನಲ್ಲಿ ಲಕ್ವ ಹೊಡೆದಿದ್ದರೆ, ತಡಮಾಡದೆ ದೊಡ್ಡಾಸ್ಪತ್ರೆಗೆ ತೋರಿಸತಕ್ಕದ್ದು.

ನಮ್ಮ ಬಂಧುವಿಗೆ ಹೇಳಿದ್ದು ಆ ಜೀನಲ್ಲ. 1995ರಲ್ಲಿ ಮಾಂಟ್ರಿಯಲ್‌ನ ರೀಮಾ ರೋಜನ್ ಅವರ ತಂಡ ಪ್ರಕಟಿಸಿದ ಇನ್ನೊಂದು. ಅಲ್ಲಿ ಬದಲಾಗಿರುವುದು ಒಂದೇ ಒಂದು ಅಕ್ಷರ. ತಂದೆ ತಾಯಿ ಇಬ್ಬರಿಂದಲೂ ಅದನ್ನು ಪಡೆದವರಲ್ಲಿ ಕಿಣ್ವ ಮಂದವಾಗಿರುತ್ತದೆ. ಇಟಲಿ, ಮೆಕ್ಸಿಕೋಗಳಲ್ಲಿ ಅಂಥವರು ಬಹಳ, ನಮ್ಮಲ್ಲಿ ಕಡಿಮೆ. ಮುಖ್ಯ ಮಾತೆಂದರೆ, ಊಟದಲ್ಲಿ ಫೋಲಿಕ್ ಆಮ್ಲ ಸಾಕಷ್ಟಿದ್ದರೆ ಈ ಮಂದ ಕಿಣ್ವವೂ ಬಹುಮಟ್ಟಿಗೆ ಕೆಲಸ ತೂಗಿಸಿಕೊಂಡು ಹೋಗುತ್ತದೆ.

ಆ ಫೋಲಿಕ್ ಆಮ್ಲದ ಕಥೆಯಾದರೂ ನಮ್ಮ ಗಿರಣಿಗಳದೇ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಗೆ ಕಾರಣ ಹುಡುಕುತ್ತ ಅವರ ತಟ್ಟೆಯನ್ನೇ ಪರೀಕ್ಷಿಸಿದರು. ಯೀಸ್ಟಿನ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲವೆಂಬ ಹೆಸರು ಪಡೆಯಿತು. ಅಂದು ದೋಷವಿದ್ದುದು ಆ ಹೆಂಗಸರ ವಂಶದಲ್ಲಲ್ಲ, ಕೂಲಿಯಲ್ಲಿ.

ಇಂದು ನಮ್ಮಲ್ಲಿ ಹೆಚ್ಚಾಗಿರುವುದು ಬಿ-12ರ ಕೊರತೆ. ಪುಣೆಯ ಡಾ. ಯಾಜ್ಞಿಕ್ ಅವರ ತಂಡ 441 ಗಂಡಸರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ 67 ಮಂದಿಗೆ ಬಿ-12 ಕಡಿಮೆ, 58 ಮಂದಿಗೆ ಹೋಮೋಸಿಸ್ಟೀನ್ ಹೆಚ್ಚು. ಬಿ-12 ಸೊಪ್ಪು ಬೇಳೆಗಳಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಬರಬೇಕು. ಇಡ್ಲಿ ಚಹಾಗಳಲ್ಲೇ ಪಾಳಿ ಮುಗಿಸುವವರಿಗೆ ಅದು ಎಲ್ಲಿಂದ ಬಂದೀತು? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆ ನುಂಗುವವರಲ್ಲಿ ಅದು ಇನ್ನಷ್ಟು ಇಳಿಯುವುದುಂಟು.

ಹಾಗಾದರೆ ಗುಳಿಗೆ ನುಂಗಿ ಹೃದಯ ಕಾಪಾಡಿಕೊಳ್ಳಬಹುದೇ? ಇಲ್ಲಿ ನಾವು ನಿಷ್ಠುರವಾಗಿ ಹೇಳಬೇಕಾಗಿದೆ. ನಾರ್ವೆಯಲ್ಲಿ ಹೃದಯಾಘಾತದಿಂದ ಉಳಿದ 3,749 ಮಂದಿಯ ಮೇಲೆ ನಡೆದ ಪ್ರಯೋಗದ ಫಲ 2006ರಲ್ಲಿ ಬಂತು. ಫೋಲಿಕ್ ಆಮ್ಲ, ಬಿ-12 ಕೊಟ್ಟಾಗ ಹೋಮೋಸಿಸ್ಟೀನ್ ನೂರಕ್ಕೆ 27ರಷ್ಟು ಇಳಿಯಿತು; ಹೃದಯಾಘಾತ ಇಳಿಯಲಿಲ್ಲ. ಆ ಜೀನುಳ್ಳವರಿಗೇ ಹೃದ್ರೋಗ ಹೆಚ್ಚೆಂಬುದಕ್ಕೂ 2012ರ ದೊಡ್ಡ ಪರಿಶೀಲನೆಯಲ್ಲಿ ಆಧಾರ ಸಿಗಲಿಲ್ಲ. ಲಕ್ವದ ವಿಷಯದಲ್ಲಿ ಅಷ್ಟಿಷ್ಟು ಪ್ರಯೋಜನ ಕಂಡುಬಂದಿದೆ, ಅಷ್ಟೆ. ಆದರೂ ಬಿ-12 ಕೊರತೆಯನ್ನು ತುಂಬಲೇಬೇಕು. ಕಾಲು ಜೋಮು ಹಿಡಿಯುವುದು, ರಕ್ತಹೀನತೆ, ಮರೆವು ಅದರಿಂದ ಬರುವಂಥವು. ಬಿ-12 ನೋಡಿಸದೆ ಬರೀ ಫೋಲಿಕ್ ಆಮ್ಲ ನುಂಗುವುದು ಅಪಾಯ. ರಕ್ತ ಸುಧಾರಿಸಿದಂತೆ ಕಂಡರೂ ಒಳಗೆ ನರ ಕೆಡುತ್ತಲೇ ಹೋದೀತು.

ತಂದೆ ಅಕಾಲದಲ್ಲಿ ಎದೆನೋವಿನಿಂದ ಹೋದವರಾದರೆ ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ನೋಡಿಸಬೇಕಾದದ್ದು ರಕ್ತದ ಒತ್ತಡ, ಸಕ್ಕರೆ, ಕೊಲೆಸ್ಟರಾಲ್. ಬಿಡಬೇಕಾದದ್ದು ಬೀಡಿ, ತಂಬಾಕು. ಅರ್ಧ ತಿಂಗಳ ಸಂಬಳವನ್ನು ಜೀನ್ ಪರೀಕ್ಷೆಗೆ ಸುರಿಯುವುದು ಬೇಡವೆಂದೇ ನಮ್ಮ ಸ್ಪಷ್ಟ ಅಭಿಪ್ರಾಯ.

ಹೋಟೆಲ್ ಮಾಲಿಕ ಬಂಧುಗಳಿಗೂ ಒಂದು ಮಾತು. ಗಿರಾಕಿಗೆ ಗಟ್ಟಿ ಮೊಸರು, ಕೆಲಸದವನಿಗೆ ನೀರು ಮಜ್ಜಿಗೆ ಎಂಬ ಪದ್ಧತಿ ಇನ್ನೂ ಕೆಲವೆಡೆ ಉಂಟು. ಕಾರ್ಮಿಕರ ಊಟಕ್ಕೆ ದಿನವೂ ಒಂದು ಬಟ್ಟಲು ಮೊಸರು, ತಿನ್ನುವವರಿಗೆ ಮೊಟ್ಟೆ, ಕುದಿಸಿ ನೀರು ಚೆಲ್ಲದ ಸೊಪ್ಪಿನ ಪಲ್ಯ ಕೊಡಬೇಕೆಂದು ನಾವು ಕೇಳುತ್ತೇವೆ.

ವರದಿ ತಂದ ಬಂಧು ಜೀನ್ ಪರೀಕ್ಷೆ ಬಿಟ್ಟು, ವಿಮಾ ಆಸ್ಪತ್ರೆಯಲ್ಲಿ ಬಿ-12 ನೋಡಿಸಿಕೊಂಡರು. ಅದು ತೀರ ಇಳಿದಿತ್ತು. ಈಗ ಸೂಜಿಮದ್ದು ನಡೆದಿದೆ. ಬೀಡಿಯನ್ನು ಮಾತ್ರ ಅವರು ಇನ್ನೂ ಬಿಟ್ಟಿಲ್ಲ.