ಬ್ರೇಕ್ ಬದಲಾವಣೆ ಮನೆಯಂಗಳದ ಕೆಲಸವೇ?

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯ ಕನ್ನಡಿಗರಲ್ಲಿ ರಜೆಗೆ ಸ್ವಂತ ಕಾರಿನಲ್ಲೇ ಊರಿಗೆ ಹೊರಡುವವರು ಅನೇಕರು. ಪನ್ವೇಲ್‌ನಿಂದ ಉಡುಪಿ, ಮಂಗಳೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಚಿಪ್ಳೂಣ್ ಸಮೀಪದ ಪರಶುರಾಮ ಘಾಟ್‌ನಂತಹ ಇಳಿಜಾರುಗಳಿವೆ. ಇಂತಹ ಪಯಣಕ್ಕೆ ಮುನ್ನ ಮಜೂರಿ ಉಳಿಸಲೆಂದು ಬ್ರೇಕ್ ಪ್ಯಾಡ್‌ಗಳನ್ನು ತಾವೇ ಬದಲಿಸುವುದು ಸರಿಯೇ?

ಕೆಲಸ ನೋಡಲು ಸುಲಭ. ಚಕ್ರ ಬಿಚ್ಚಿ, ಕ್ಯಾಲಿಪರ್ ಸರಿಸಿ, ಪಿಸ್ಟನ್ ಹಿಂದಕ್ಕೆ ಒತ್ತಿ ಹೊಸ ಪ್ಯಾಡ್ ಕೂರಿಸಿದರಾಯಿತು. ಆದರೆ ಜಾಕ್ ಇರುವುದು ಕಾರು ಎತ್ತಲು ಮಾತ್ರ. ಎತ್ತಿದ ಕಾರು ನಿಲ್ಲಲು ಸಮತಟ್ಟಾದ ನೆಲ, ಗಟ್ಟಿ ಸ್ಟ್ಯಾಂಡ್ ಬೇಕು. ಮಕ್ಕಳು ಓಡಾಡುವ ಸೊಸೈಟಿಯ ಇಕ್ಕಟ್ಟಾದ ಪಾರ್ಕಿಂಗ್ ಇದಕ್ಕೆ ತಕ್ಕ ಜಾಗವಲ್ಲ. ಕೆಲಸ ಮುಗಿದ ಬಳಿಕ ಪೆಡಲನ್ನು ಹಲವು ಬಾರಿ ಒತ್ತಿ ಗಟ್ಟಿಯಾಗಿಸದೆ ಹೊರಟರೆ ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯದು.

ಆದ್ದರಿಂದ ಅನುಭವಿಗಳ ನೆರವಿಲ್ಲದವರು ಗ್ಯಾರೇಜಿಗೆ ಹೋಗುವುದೇ ಜಾಣತನ. ಹಾಗೆಂದು ಕಣ್ಣುಮುಚ್ಚಿ ಕಾರು ಒಪ್ಪಿಸಬೇಕಿಲ್ಲ. ಪ್ಯಾಡ್ ಸವೆದು ಸುಮಾರು 3 ಮಿ.ಮೀ. ಉಳಿದಿದ್ದರೆ ಬದಲಿಸುವ ಸಮಯ ಬಂತೆಂದೇ ತಿಳಿಯಬೇಕು. ಎಡಬಲದ ಎರಡೂ ಚಕ್ರಗಳಿಗೆ ಒಟ್ಟಿಗೇ ಹಾಕಿಸಿ, ಹಳೆಯ ಪ್ಯಾಡ್ ಕೇಳಿ ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಅಂತಹ ಆಯಿಲ್ ಘಾಟಿಯ ಇಳಿತದಲ್ಲಿ ಕಾದು ಕುದಿದರೆ ಪೆಡಲ್ ಮೆತ್ತಗಾಗುತ್ತದೆ. ಅದನ್ನೂ ಅವಧಿಗೆ ಸರಿಯಾಗಿ ಬದಲಿಸಬೇಕು. ಇವೆಲ್ಲ ಹೊರಡುವ ಮುನ್ನಾ ದಿನವಲ್ಲ, ವಾರದ ಮೊದಲೇ ಆಗಿದ್ದರೆ ಊರಲ್ಲೇ ಓಡಿಸಿ ಪರೀಕ್ಷಿಸಬಹುದು.

ಕನ್ನಡ ಸಂಘಗಳು ರಜಾಕಾಲಕ್ಕೆ ಮುನ್ನ ಒಂದು ರವಿವಾರ ನುರಿತ ಮೆಕ್ಯಾನಿಕರನ್ನು ಕರೆಸಿ, ಸದಸ್ಯರಿಗೆ ಈ ತಪಾಸಣೆಯನ್ನು ಕಲಿಸಿಕೊಟ್ಟರೆ ಅದು ನಿಜಕ್ಕೂ ಉಪಯುಕ್ತ ಕಾರ್ಯಕ್ರಮವಾದೀತು.