ಕಾಲಿಗಿಲ್ಲದ ಗಡಿ ಚೀಟಿಗೇಕೆ?

ಕಾಲು ಅನ್ನೋ ಮಾತು ತೆಲುಗಿಗೂ ಕನ್ನಡಕ್ಕೂ ಒಂದೇ. ಅವರು ನೆತ್ತುರು ಅಂದರೆ ನಾವು ನೆತ್ತರು ಅಂತೀವಿ, ಅಷ್ಟೇ ವ್ಯತ್ಯಾಸ. ಮಡಕಶಿರಾ ಸೀಮೆಯಲ್ಲಿ ಬೇಸಾಯ ಮಾಡ್ತಾ ಎರಡು ಭಾಷೆಯಲ್ಲೂ ಪದ್ಯ ಕಟ್ಟುವ ನನಗೆ ಇದು ಬರೀ ಸಂತೋಷದ ಸಂಗತಿಯಾಗಿತ್ತು, ನನ್ನ ತಮ್ಮನ ಕಾಲು ಮುರಿಯುವ ತನಕ.

ಬದು ಏರುವಾಗ ಟ್ರ್ಯಾಕ್ಟರ್ ಮಗುಚಿ ಅವನ ಮೊಣಕಾಲ ಕೆಳಗಿನ ಮೂಳೆ ಚರ್ಮ ಸೀಳಿ ಹೊರಗೆ ಬಂತು. ಆಂಧ್ರದ ಕಡೆ ಒಂದು ಆಸ್ಪತ್ರೆ, ಅಲ್ಲಿಂದ ಇನ್ನೊಂದು, ಆಮೇಲೆ ಗಡಿ ದಾಟಿ ಕರ್ನಾಟಕದಲ್ಲಿ ಮೂರನೆಯದು. ಅಲ್ಲಿಯ ಡಾಕ್ಟರು ಕೇಳಿದ್ದು ಮೂರೇ ಮಾತು. ಪೆಟ್ಟು ಬಿದ್ದದ್ದು ಎಷ್ಟು ಗಂಟೆಗೆ? ನಂಜು ತಡೆಯುವ ಇಂಜೆಕ್ಷನ್ ಯಾವುದು, ಯಾವಾಗ ಕೊಟ್ಟರು? ಗಾಯ ತೊಳೆದರಾ? ನಮ್ಮ ಕೈಲಿದ್ದ ಚೀಟಿಯಲ್ಲಿ ಹೆಸರು, ವಯಸ್ಸು, ಮುಂದಿನ ಚಿಕಿತ್ಸೆಗೆ ಕಳಿಸಿದೆ ಅಂತ ಒಂದು ಸಾಲು. ವರ್ಷವೆಲ್ಲಾ ಮೂಳೆಯೊಳಗೆ ಕೀವು ಕಟ್ಟಿ ಕೊನೆಗೆ ಕಾಲು ತೆಗೆದರು. ಚೀಟಿ ಸರಿಯಿದ್ದಿದ್ರೆ ಕಾಲು ಉಳೀತಿತ್ತು ಅಂತ ನಾನು ಹೇಳೋದಿಲ್ಲ; ನಾನು ಓದಿರೋದು ಎಸ್ಸೆಸ್ಸೆಲ್ಸಿ. ಆದರೆ ಆ ಕಾಲಿನಿಂದ ಯಾರೂ ಏನೂ ಕಲಿಯಲಿಲ್ಲ ಅನ್ನೋದು ನನ್ನನ್ನು ಇವತ್ತಿಗೂ ಕೊರೆಯುತ್ತೆ.

ಅಮೆರಿಕದಲ್ಲಿ ಕಲಿಯುವ ದಾರಿ ಮಾಡಿಕೊಂಡಿದ್ದಾರೆ. ಇರಾಕ್, ಆಫ್ಘಾನಿಸ್ತಾನದ ಯುದ್ಧಗಳಲ್ಲಿ ಬಾಂಬಿಗೆ ಸಿಕ್ಕಿ ಸಾವಿರಾರು ಸೈನಿಕರ ಕೈಕಾಲು ನುಜ್ಜುಗುಜ್ಜಾದವು. ರಸ್ತೆ ಅಪಘಾತದಲ್ಲಿ ಕಾಲು ಜಜ್ಜಿಹೋದವನಿಗೂ ಬೇಕಾದ ಉತ್ತರಗಳು ಅವೇ. ಒಂದೇ ಆಸ್ಪತ್ರೆಯ ರೋಗಿಗಳನ್ನು ನೋಡಿ ಉತ್ತರ ಹೇಳೋಕಾಗಲ್ಲ. ಅದಕ್ಕೇ 2009ರಲ್ಲಿ ಅಲ್ಲಿಯ ರಕ್ಷಣಾ ಇಲಾಖೆಯ ಹಣದಿಂದ ಸೈನ್ಯದ ಆಸ್ಪತ್ರೆಗಳೂ ಜನಸಾಮಾನ್ಯರ ಆಸ್ಪತ್ರೆಗಳೂ ಸೇರಿ ಒಂದು ಕೂಟ ಕಟ್ಟಿದವು. ಎಲ್ಲರ ಲೆಕ್ಕವೂ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಕ್ಕೆ ಬರುತ್ತೆ.

ಆ ಕೂಟದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೂಳೆ ಮುರಿದವರಿಗೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗದಂತೆ ಹೆಪಾರಿನ್ ಜಾತಿಯ ಚುಚ್ಚುಮದ್ದು ಕೊಡೋದು ವಾಡಿಕೆ. ಅಮೆರಿಕ, ಕೆನಡಾದ 21 ಆಸ್ಪತ್ರೆಗಳಲ್ಲಿ 12,211 ಜನರ ಪೈಕಿ ಅರ್ಧ ಮಂದಿಗೆ ಅದನ್ನೂ ಇನ್ನರ್ಧಕ್ಕೆ ಅಗ್ಗದ ಆಸ್ಪಿರಿನ್ ಮಾತ್ರೆಯನ್ನೂ ಕೊಟ್ಟು ನೋಡಿದರು. 90 ದಿನದಲ್ಲಿ ತೀರಿಕೊಂಡವರು ಮಾತ್ರೆಯ ಕಡೆ 47, ಚುಚ್ಚುಮದ್ದಿನ ಕಡೆ 45. ಕಾಲಿನ ರಕ್ತನಾಳದಲ್ಲಿ ಹೆಪ್ಪು ಮಾತ್ರೆಯ ಕಡೆ ಸ್ವಲ್ಪ ಹೆಚ್ಚು ಕಂಡಿತು. ಪ್ರಾಣ ಉಳಿಸೋದರಲ್ಲಿ ಎರಡೂ ಸಮ. ಇದನ್ನೋದಿ ಯಾರೂ ತಾವೇ ಮಾತ್ರೆ ನುಂಗಬೇಡಿ, ಅದು ಡಾಕ್ಟರ ಕೆಲಸ. ನಾನು ಹೇಳೋದು ಲೆಕ್ಕದ ಶಕ್ತಿ.

ಮಂಡಿ ವರ್ತಕರಿಗೆ ಇದು ಗೊತ್ತಿದ್ದದ್ದೇ. ಒಬ್ಬ ಮೂಟೆಯಲ್ಲಿ, ಇನ್ನೊಬ್ಬ ಕ್ವಿಂಟಾಲಿನಲ್ಲಿ ಬರೆದುಕೊಂಡರೆ ಊರಿಗೆ ಬಂದ ಕಡಲೆಕಾಯಿ ಎಷ್ಟು ಅಂತ ಯಾರಿಗೂ ತಿಳಿಯೋದಿಲ್ಲ.

ಹಾಸಿಗೆಗೇ ಗತಿಯಿಲ್ಲದ ಕಡೆ ಸಂಶೋಧನೆ ಯಾಕಯ್ಯಾ ಅನ್ನಬಹುದು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ಚರ್ಮ, ಮೂಳೆ, ಮಾಂಸ ಒಂದೊಂದಕ್ಕೂ ಅಂಕ ಹಾಕಿ, ಮುರಿದ ಕಾಲು ಉಳಿಸಬಹುದೋ ಇಲ್ಲವೋ ಅಳೆಯುವ ಕ್ರಮವನ್ನೇ ಮಾಡಿದ್ದಾರೆ. ನಮ್ಮ ದಕ್ಷಿಣದ ಮಣ್ಣಿನಲ್ಲೇ ಆದ ಕೆಲಸ ಅದು. ಇನ್ನು ಒಂದು ಚೀಟಿಗೆ ಹಾಸಿಗೆ ಬೇಕಿಲ್ಲ.

ಮಡಕಶಿರಾ, ಹಿಂದೂಪುರ, ಪಾವಗಡ, ಶಿರಾ, ಗೌರಿಬಿದನೂರು, ಎಲ್ಲ ಆಸ್ಪತ್ರೆಗಳಲ್ಲೂ ಕೈಕಾಲು ಪೆಟ್ಟಿಗೆ ಒಂದೇ ನಮೂನೆಯ ಚೀಟಿ ಇರಲಿ. ಪೆಟ್ಟಿನ ಗಂಟೆ, ಕೊಟ್ಟ ಮದ್ದು, ಗಾಯದ ಸ್ಥಿತಿ, ವರ್ಷದ ಮೇಲೆ ಕಾಲು ಏನಾಯಿತು ಅನ್ನೋದು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಇರಲಿ. ಎರಡೂ ಸರ್ಕಾರದವರು ಕೂತು ಆ ಲೆಕ್ಕವನ್ನು ಒಂದೇ ಪುಸ್ತಕಕ್ಕೆ ಸೇರಿಸಲಿ. ಬೆಂಗಳೂರಿನ ಸೈನ್ಯದ ವೈದ್ಯರನ್ನೂ ಕರೆಯಲಿ. ಸೈನಿಕನೂ ಸಿವಿಲಿಯನ್ನೂ ಒಂದು ಲೆಕ್ಕದಲ್ಲಿ ಕೂರಬಹುದಾದರೆ ಆಂಧ್ರದ ರೈತ, ಕರ್ನಾಟಕದ ರೈತ ಕೂರಬಾರದೇ?

ಅಲ್ಲೀತನಕ ನಾವೇ ಒಂದು ಕೆಲಸ ಮಾಡೋಣ. ಯಾರಿಗಾದರೂ ಪೆಟ್ಟಾದರೆ ಗಂಟೆ ನೋಡಿ ಬರೆದಿಟ್ಟುಕೊಳ್ಳಿ. ಆಸ್ಪತ್ರೆ ಬಿಡುವಾಗ ಕೊಟ್ಟ ಮದ್ದಿನ ಹೆಸರು, ಹೊತ್ತು ಬರೆಸಿಕೊಳ್ಳದೆ ಗಾಡಿ ಹತ್ತಬೇಡಿ. ನನ್ನ ತಮ್ಮ ಈಗ ಕೃತಕ ಕಾಲಲ್ಲಿ ಹೊಲಕ್ಕೆ ಹೋಗ್ತಾನೆ. ಅವತ್ತು ನಾವು ಗಂಟೆ ನೋಡಿರಲಿಲ್ಲ.