ಮಿತಿ ಹಾಕಿದರೆ ಸಾಲದು, ಬೆಟ್ಟಕ್ಕೊಂದು ಯೋಜನೆ ಬೇಕು

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಚಾರಣಿಗರು ಒಮ್ಮೆಗೇ ಕುಮಾರ ಪರ್ವತ ಏರಲು ನುಗ್ಗಿದ್ದನ್ನು ನಾಡೆಲ್ಲ ನೋಡಿತು. ಅದರ ಬೆನ್ನಿಗೇ, ಆನ್‌ಲೈನ್ ಬುಕಿಂಗ್ ಇಲ್ಲದ ಪಥಗಳಲ್ಲಿ ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಚಾರಣದ ಟಿಕೆಟ್ ಕಾಯ್ದಿರಿಸುವ ‘ಅರಣ್ಯ ವಿಹಾರ’ ಜಾಲತಾಣ ಆರಂಭವಾಯಿತು. ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಇದು ಸ್ವಾಗತಾರ್ಹ. ಆದರೆ ಟಿಕೆಟ್ ಎಣಿಸುವುದೇ ನಿರ್ವಹಣೆಯಲ್ಲ. ಯಾವ ಬೆಟ್ಟ ಎಷ್ಟು ತಾಳುತ್ತದೆ, ಸವೆದ ಹಾದಿಯನ್ನು ಯಾರು ಸರಿಪಡಿಸುತ್ತಾರೆ, ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳಿಗೆ ಟಿಕೆಟ್ಟಿನಲ್ಲಿ ಉತ್ತರವಿಲ್ಲ.

ಕಕ್ಕಬ್ಬೆಯ ಕಡೆಯಿಂದ ತಡಿಯಂಡಮೋಳ್ ಹತ್ತುವವರು ಅರ್ಧ ದಿನದಲ್ಲಿ ಹೋಗಿ ಬರಬಹುದು. ಕುಕ್ಕೆಯಿಂದ ಗಿರಿಗದ್ದೆಯ ಮೂಲಕ ಕುಮಾರ ಪರ್ವತಕ್ಕೆ ಹೋಗುವವರು ಕಡಿದಾದ ದೀರ್ಘ ಏರನ್ನು ಹತ್ತಬೇಕು, ಕುಡಿಯುವ ನೀರಿಗೆ ದಾರಿಯ ಕೆಲವೇ ಜಾಗಗಳನ್ನು ನಂಬಬೇಕು. ಎರಡಕ್ಕೂ ಒಂದೇ ಲೆಕ್ಕ ಹೇಗೆ ಒಪ್ಪುತ್ತದೆ? ನವೆಂಬರಿನಲ್ಲಿ ತಾಳುವ ಸಂಖ್ಯೆಯನ್ನು ತೊರೆ ಬತ್ತಿದ ಮಾರ್ಚಿನಲ್ಲಿ ಅದೇ ಹಾದಿ ತಾಳದು. ಮಿತಿಯನ್ನು ಪಥವಾರು, ತಿಂಗಳವಾರು ನಿಗದಿ ಮಾಡಬೇಕು. ಮಳೆಗಾಲದಲ್ಲಿ ಮತ್ತು ಕಾಳ್ಗಿಚ್ಚಿನ ದಿನಗಳಲ್ಲಿ ಹಾದಿ ಮುಚ್ಚುವ ದಿನಾಂಕಗಳನ್ನು ವರ್ಷದ ಆರಂಭದಲ್ಲೇ ಪ್ರಕಟಿಸಬೇಕು. ಕಾಳ್ಗಿಚ್ಚು ಬರಿಯ ಕಾಡಿನ ನಷ್ಟವಲ್ಲ. 2018ರ ಮಾರ್ಚಿನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದ ಬೆಂಕಿಗೆ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಬಲಿಯಾದರು. ಆ ನೋವಿನ ನಂತರ ಆ ರಾಜ್ಯ ಚಾರಣಕ್ಕೆ ನಿಯಮಗಳನ್ನು ರೂಪಿಸಿತು, 2024ರಲ್ಲಿ 40 ಪಥಗಳನ್ನು ಗುರುತಿಸಿ ಸ್ಥಳೀಯ ಮಾರ್ಗದರ್ಶಕರೊಂದಿಗೆ ತೆರೆಯಿತು. ನಾವು ಅಂಥ ದುರಂತಕ್ಕೆ ಕಾಯಬಾರದು.

ನಮ್ಮ ಬೆಟ್ಟಗಳ ನೆತ್ತಿಯಲ್ಲಿರುವ ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಕುಮಾರ ಪರ್ವತವಿರುವ ಪುಷ್ಪಗಿರಿ ಸಾಲಿನಲ್ಲಿ ಹುಟ್ಟುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಮಂಗಳೂರು ಕುಡಿಯುವುದು ತುಂಬೆಯಲ್ಲಿ ತಡೆದ ಆ ನೀರನ್ನೇ. ಚಾರಣಿಗರು ತಿರುವುಗಳನ್ನು ಬಿಟ್ಟು ನೇರ ಅಡ್ಡದಾರಿ ಹಿಡಿದಾಗ ಹುಲ್ಲಿನ ಬೇರು ಸಾಯುತ್ತದೆ. ಮುಂದಿನ ಮಳೆಗೆ ಅಲ್ಲಿ ಕೊರಕಲು ಬೀಳುತ್ತದೆ, ವರ್ಷಗಳಲ್ಲಿ ಅದು ಮೇಲ್ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಅಡ್ಡಗಾಲುವೆ ತೋಡಿ ನೀರು ಹೊರಳಿಸುವುದು, ಅಡ್ಡದಾರಿಗಳನ್ನು ಮುಳ್ಳುಕಟ್ಟಿ ಮುಚ್ಚುವುದು, ಸವೆದ ಕಡೆ ಕಲ್ಲು ಜೋಡಿಸುವುದು ಪ್ರತಿ ವರ್ಷದ ಕೆಲಸಗಳು. ಬುಡದಲ್ಲಿ ಶೌಚಾಲಯ, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತಂದದ್ದರ ತಪಾಸಣೆ, ಸ್ಟ್ರೆಚರ್ ಮತ್ತು ಪ್ರಥಮ ಚಿಕಿತ್ಸೆ ತಿಳಿದವರು, ಇವೆಲ್ಲಕ್ಕೂ ಹೊಣೆಗಾರರು ಯಾರು, ಹಣ ಎಲ್ಲಿಂದ ಎಂದು ಆಯಾ ಬೆಟ್ಟದ ಯೋಜನೆಯಲ್ಲಿ ಬರೆದಿರಬೇಕು.

ಊರಿನವರನ್ನು ಹೊರಗಿಟ್ಟು ಬರೆದ ಯೋಜನೆ ಉಳಿಯುವುದಿಲ್ಲ. ಗಿರಿಗದ್ದೆಯ ಭಟ್ಟರ ಮನೆ ದಶಕಗಳ ಕಾಲ ಚಾರಣಿಗರಿಗೆ ಅನ್ನ ಹಾಕಿದೆ. ಕುದುರೆಮುಖದ ಬುಡದ ಮುಳ್ಳೋಡಿಯಲ್ಲಿ ಜೀಪು ಓಡಿಸುವವರು, ಹೋಂಸ್ಟೇ ನಡೆಸುವವರು, ದಾರಿ ತೋರಿಸುವ ಹುಡುಗರು ಈ ಚಾರಣವನ್ನೇ ನೆಚ್ಚಿದ್ದಾರೆ. ಯಾವ ತೊರೆ ಯಾವಾಗ ಉಕ್ಕುತ್ತದೆ, ಯಾವ ಕಣಿವೆಯಲ್ಲಿ ಆನೆ ದಾಟುತ್ತದೆ ಎಂಬುದು ಬೆಂಗಳೂರಿನ ಕಚೇರಿಗಿಂತ ಇವರಿಗೆ ಚೆನ್ನಾಗಿ ಗೊತ್ತು. ಅಭಯಾರಣ್ಯಗಳನ್ನು ನಿರ್ವಹಣಾ ಯೋಜನೆಯ ಪ್ರಕಾರವೇ ನಡೆಸಬೇಕು, ಅರಣ್ಯ ಹಕ್ಕು ಕಾಯ್ದೆ ಅನ್ವಯವಾಗುವ ಕಡೆ ಗ್ರಾಮಸಭೆಯೊಂದಿಗೆ ಚರ್ಚಿಸಿ ಅದನ್ನು ರೂಪಿಸಬೇಕು ಎಂದು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯೇ ಹೇಳುತ್ತದೆ. ಚಾರಣ ಪಥಕ್ಕೂ ಅದೇ ರೀತಿ ಅನ್ವಯವಾಗಲಿ.

ಅರಣ್ಯ ಇಲಾಖೆ ಮಾಡಬೇಕಾದ್ದು ಇಷ್ಟು. ಪ್ರತಿ ಪಥಕ್ಕೂ ಐದು ವರ್ಷದ ನಿರ್ವಹಣಾ ಯೋಜನೆಯ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಆಯಾ ಊರಿನಲ್ಲೇ ಅಹವಾಲು ಕೇಳಬೇಕು. ಶುಲ್ಕದ ದೊಡ್ಡ ಪಾಲು ಅದೇ ಪಥದ ದುರಸ್ತಿಗೆ ಮತ್ತು ಗ್ರಾಮ ಅರಣ್ಯ ಸಮಿತಿಗೆ ಸಲ್ಲಬೇಕು. ವರ್ಷಕ್ಕೊಮ್ಮೆ ಜಮಾ ಖರ್ಚು ಜಾಲತಾಣದಲ್ಲಿ ಕಾಣಬೇಕು. ಚಾರಣಿಗರಿಗೂ ಒಂದು ಮಾತು: ಟಿಕೆಟ್ ಸಿಗದ ದಿನ ಕಳ್ಳದಾರಿ ಹುಡುಕಬೇಡಿ, ಬೇರೆ ವಾರ ಬನ್ನಿ. ಮುಂದಿನ ಚಾರಣದ ಋತು ಆರಂಭವಾಗುವ ಮುನ್ನ ಕನಿಷ್ಠ ಕುಮಾರ ಪರ್ವತ ಮತ್ತು ಕುದುರೆಮುಖದ ಯೋಜನೆಗಳಾದರೂ ಜನರ ಮುಂದೆ ಬರಲಿ.